ವಿನಾಯಿತಿ ಅರ್ಜಿಯ ಒಂದು ಪ್ರತಿ ಗೇಟಿಗೂ ಅಂಟಿಸಿ

ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕುಗಳ ಕಾರ್ಖಾನೆ, ಮಿಲ್ಲು, ವರ್ಕ್‌ಶಾಪುಗಳ ಮಾಲೀಕರಿಗೆ,



ನಿಮ್ಮಂಥವರೊಬ್ಬರ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತನಾಗಿದ್ದವನು ನಾನು. ಮನೆ ನರಸೀಪುರ, ಕೆಲಸ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾ. ಬೆಳಗಿನ ಬಸ್ಸಿಗೆ ಹೋಗಿ ಕತ್ತಲಾದ ಮೇಲೆ ಮನೆ ಸೇರುತ್ತಿದ್ದೆ. ಕಾರ್ಖಾನೆಯ ಹೆಸರು ಬರೆಯುವುದಿಲ್ಲ. ಅದು ಮುಚ್ಚಿ ಎಷ್ಟೋ ವರ್ಷವಾಯಿತು, ಅದರ ಮಾಲೀಕರು ಕೆಟ್ಟವರೂ ಆಗಿರಲಿಲ್ಲ. ಕೆಲಸಗಾರರ ಮನೆಯ ಮದುವೆಗೆ ತಪ್ಪದೆ ಬಂದು, ಮುಯ್ಯಿ ಕೊಟ್ಟು, ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ಉಂಡು ಹೋಗುತ್ತಿದ್ದವರು. ಒಳ್ಳೆಯವರ ಕಾರ್ಖಾನೆಯಲ್ಲೂ ಏನು ನಡೆಯುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದರಿಂದಲೇ ಈ ಪತ್ರ ಬರೆಯುವ ಧೈರ್ಯ ಮಾಡಿದ್ದೇನೆ.

ನನ್ನ ಕೆಲಸಗಳಲ್ಲಿ ಒಂದು, ವಿನಾಯಿತಿ ಕೇಳುವ ಪತ್ರಗಳನ್ನು ಬರೆಯುವುದು. ಕಾರ್ಖಾನೆಗಳ ಇಲಾಖೆಗೆ, ಬಾಯ್ಲರ್ ಇನ್‌ಸ್ಪೆಕ್ಟರಿಗೆ, ಕಾರ್ಮಿಕ ಇಲಾಖೆಗೆ. ಎಲ್ಲವೂ ಇಂಗ್ಲಿಷಿನಲ್ಲಿ, ಎಲ್ಲದಕ್ಕೂ ಒಂದೇ ಅಚ್ಚು. 'ಅನಿವಾರ್ಯ ಕಾರಣಗಳಿಂದಲೂ ರಫ್ತಿನ ಆರ್ಡರು ತುರ್ತಾಗಿರುವುದರಿಂದಲೂ ಸದರಿ ಕಲಮಿನಿಂದ ಮೂರು ತಿಂಗಳ ಮಟ್ಟಿಗೆ ನಮ್ಮ ಕಾರ್ಖಾನೆಗೆ ವಿನಾಯಿತಿ ದಯಪಾಲಿಸಬೇಕೆಂದು ಕೋರುತ್ತೇವೆ.' ಆ ಪತ್ರಗಳಲ್ಲಿ ಯಂತ್ರದ ನಂಬರು ಇರುತ್ತಿತ್ತು. ಆರ್ಡರಿನ ಮೊತ್ತ, ಮಾಲು ಹೊರಡಬೇಕಾದ ತಾರೀಖು, ಲೈನು ನಿಂತರೆ ದಿನಕ್ಕೆ ಆಗುವ ನಷ್ಟ ಇರುತ್ತಿತ್ತು. ಆ ಯಂತ್ರದ ಮುಂದೆ ನಿಲ್ಲುವವನ ವಿಷಯ ಮಾತ್ರ ಇರುತ್ತಿರಲಿಲ್ಲ. ಈ ನಿಯಮ ಬಿಟ್ಟರೆ ಅದರ ಬದಲಿಗೆ ಅವನಿಗೆ ಯಾವ ರಕ್ಷಣೆ ಕೊಡುತ್ತೇವೆ ಎಂದು ಒಂದು ಸಾಲನ್ನಾದರೂ ನಾನು ಬರೆದ ನೆನಪಿಲ್ಲ. ನನಗೆ ಯಾರೂ ಬರೆಯಲು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಇವು ಬರವಣಿಗೆಯಲ್ಲಿದ್ದ ವಿನಾಯಿತಿಗಳು. ಬಾಯಿಮಾತಿನವು ದಿನಕ್ಕೆ ಹತ್ತಾದರೂ ಆಗುತ್ತಿದ್ದವು. ಅವುಗಳಲ್ಲಿ ಒಂದನ್ನು ಹೇಳಲೇಬೇಕು.

ನಮ್ಮಲ್ಲಿ ಎರಡು ದೊಡ್ಡ ಟ್ಯಾಂಕುಗಳಿದ್ದವು. ತಿಂಗಳಿಗೊಮ್ಮೆ ಒಳಗಿಳಿದು ತಳದ ಕೆಸರು ತೆಗೆಯಬೇಕು. ಆಗ ಜಾರಿಯಲ್ಲಿದ್ದ 1948ರ ಕಾರ್ಖಾನೆಗಳ ಕಾಯಿದೆಯ 36ನೇ ಕಲಮು ಇಂಥ ಜಾಗಕ್ಕೇ ಇದ್ದದ್ದು. ಒಳಗಿನ ವಿಷಗಾಳಿಯನ್ನೆಲ್ಲ ಸಾಧ್ಯವಾದಷ್ಟು ಹೊರಗೆ ಹಾಕಬೇಕು. ಆಮೇಲೆ, ಬಲ್ಲವನೊಬ್ಬ ತಾನೇ ಪರೀಕ್ಷೆ ಮಾಡಿ ಅಪಾಯವಿಲ್ಲವೆಂದು ಬರೆದುಕೊಡಬೇಕು. ಇಲ್ಲವಾದರೆ ಇಳಿಯುವವನು ಉಸಿರಾಟದ ಉಪಕರಣ ಧರಿಸಿ, ಸೊಂಟದ ಬೆಲ್ಟಿಗೆ ಹಗ್ಗ ಕಟ್ಟಿಕೊಂಡಿರಬೇಕು, ಆ ಹಗ್ಗದ ಇನ್ನೊಂದು ತುದಿಯನ್ನು ಹೊರಗೆ ಒಬ್ಬ ಮನುಷ್ಯ ಹಿಡಿದಿರಬೇಕು. ಒಬ್ಬ ಮನುಷ್ಯ ಹಿಡಿದಿರಬೇಕು ಎಂದು ಕಾನೂನೇ ಹೇಳುತ್ತಿತ್ತು. ನಮ್ಮ ಪರ್ಮಿಟ್ ಫಾರಮಿನಲ್ಲೂ ಅದಕ್ಕೊಂದು ಕಾಲಂ ಇತ್ತು: ಹಗ್ಗ ಹಿಡಿಯುವವನ ಹೆಸರು.

ಒಂದು ದಿನ ಎರಡೂ ಟ್ಯಾಂಕುಗಳ ಪರ್ಮಿಟ್ ನನ್ನ ಮೇಜಿಗೆ ಬಂತು. ಎರಡರಲ್ಲೂ ಹಗ್ಗ ಹಿಡಿಯುವವನ ಹೆಸರು ಒಂದೇ, ಹೊತ್ತೂ ಒಂದೇ. ಒಂದು ಟ್ಯಾಂಕಿನ ಪಕ್ಕ ನಿಂತರೆ ಇನ್ನೊಂದು ಕಣ್ಣಿಗೆ ಬೀಳುವುದಿಲ್ಲ, ಅಷ್ಟು ದೂರ. ನಾನು ಫಾರಮು ಎತ್ತಿ ಸೂಪರ್‌ವೈಸರನ್ನು ಕೇಳಿದೆ. 'ಇವತ್ತೊಂದಿನ ಅಡ್ಜಸ್ಟ್ ಮಾಡ್ಕಳಿ ಸ್ವಾಮಿ, ನಾಳೆ ಪಾರ್ಟಿಯವರು ನೋಡೋಕೆ ಬತ್ತಾವ್ರೆ' ಅಂದರು. ನಾನು ಸೀಲು ಒತ್ತಿದೆ.

ಮಧ್ಯಾಹ್ನ ಎರಡನೇ ಟ್ಯಾಂಕಿನೊಳಗೆ ಮೂಗೂರು ಕಡೆಯ ಗುತ್ತಿಗೆ ಹುಡುಗನೊಬ್ಬ ಪ್ರಜ್ಞೆ ತಪ್ಪಿ ಬಿದ್ದ. ಹಗ್ಗವಿತ್ತು, ಆದರೆ ಮ್ಯಾನ್‌ಹೋಲ್ ಪಕ್ಕದ ಕೊಕ್ಕೆಗೆ ಸುತ್ತಿ ಹಾಕಿತ್ತು. ಅವನ ಪುಣ್ಯ, ಕ್ಯಾಂಟೀನಿಗೆ ಹೊರಟಿದ್ದ ಫಿಟ್ಟರೊಬ್ಬರು ದಾರಿಯಲ್ಲಿ ಸುಮ್ಮನೆ ಇಣುಕಿ ನೋಡಿದರು. ಎಳೆದು ಹಾಕಿದರು. ಹುಡುಗ ಬದುಕಿದ. ಸಂಜೆ ಅವನ ತಾಯಿ ಗೇಟಿಗೆ ಬಂದರು. ಸೆಕ್ಯೂರಿಟಿಯವನು ನನ್ನನ್ನು ಕರೆಸಿದ. 'ಏನಾಯ್ತಪ್ಪ ನನ್ ಮಗ್ನಿಗೆ? ನೀನು ಓದ್ದವ್ನು, ನಿಜ ಹೇಳಪ್ಪ' ಅಂದರು. ಸೆರಗಿನ ತುದಿಯಲ್ಲಿ ಬಸ್ಸಿನ ಚಿಲ್ಲರೆ ಗಂಟು ಹಾಕಿಕೊಂಡಿದ್ದರು, ಮಾತಾಡುವಾಗ ಆ ಗಂಟನ್ನೇ ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದರು. ನಾನು, 'ಬಿಸಿಲಿಗೆ ತಲೆ ಸುತ್ತು ಬಂತು ಅಷ್ಟೇ ಅಮ್ಮ' ಅಂದೆ.

ಆ ಸುಳ್ಳು ನನ್ನದು. ಮಾಲೀಕರ ಮೇಲೆ, ಸೂಪರ್‌ವೈಸರ ಮೇಲೆ ಹಾಕಿ ನಾನು ಕೈ ತೊಳೆದುಕೊಳ್ಳಲಾರೆ. ಆದರೆ ಅವತ್ತಿನಿಂದ ಒಂದು ವಿಷಯ ಸ್ಪಷ್ಟವಾಯಿತು. ಆ ಎರಡನೇ ಟ್ಯಾಂಕಿಗೆ ಹಗ್ಗ ಹಿಡಿಯುವವನಿರಬೇಕೆಂಬ ನಿಯಮದಿಂದ ವಿನಾಯಿತಿ ಬೇಕೆಂದು ಕೇಳಿದವರು ಸೂಪರ್‌ವೈಸರು, ಕೊಟ್ಟವನು ನಾನು. ಅದರ ಬೆಲೆ ತೆರುವವನು ಒಳಗಿಳಿದ ಹುಡುಗ. ಅವನನ್ನು ನಾವಿಬ್ಬರೂ ಕೇಳಲಿಲ್ಲ. ಸರ್ಕಾರದ ಮಟ್ಟದ ವಿನಾಯಿತಿಯಲ್ಲೂ ಇದೇ ಮೂರು ಜನ ಇರುತ್ತಾರೆ, ಮೂರನೆಯವನನ್ನು ಅಲ್ಲೂ ಕೇಳುವುದಿಲ್ಲ.

2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂದದ್ದು ನಿಮಗೆ ಮರೆತಿರಲಾರದು. ಜುಬಿಲಂಟ್ ಔಷಧ ಕಾರ್ಖಾನೆಯ ನೌಕರರೊಬ್ಬರಿಗೆ ಕೊರೊನಾ ಕಾಣಿಸಿಕೊಂಡು, ಅದರ ನಂಟಿನ ಪ್ರಕರಣಗಳು ಎಪ್ಪತ್ತು ದಾಟಿದವು. ಊರಿಗೆ ಊರೇ ಬಾಗಿಲು ಹಾಕಿತು. ಸೋಂಕು ಬಂದವರು, ಮನೆಯಲ್ಲಿ ಬಂದಿಯಾದವರು ಬಹುಪಾಲು ದುಡಿಯುವ ಜನ. ಜನ ಒಟ್ಟಾಗಿ ಕೆಲಸ ಮಾಡುವ ಜಾಗ ಎಷ್ಟು ಸೂಕ್ಷ್ಮವಾದದ್ದು ಎಂದು ಇಡೀ ರಾಜ್ಯ ನಂಜನಗೂಡನ್ನು ನೋಡಿ ತಿಳಿದುಕೊಂಡಿತು. ಅದಾಗಿ ಎರಡೇ ತಿಂಗಳಿಗೆ, ಮೇ 22ರಂದು, ರಾಜ್ಯ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿತು. ಕಾರ್ಖಾನೆಗಳಿಗೆ ಆ 1948ರ ಕಾಯಿದೆಯ 51 ಮತ್ತು 54ನೇ ಕಲಮುಗಳಿಂದ ಆಗಸ್ಟ್ 21ರವರೆಗೆ ವಿನಾಯಿತಿ. ದಿನಕ್ಕೆ ಒಂಬತ್ತು ಗಂಟೆ ಎಂದಿದ್ದದ್ದು ಹತ್ತಾಯಿತು, ವಾರಕ್ಕೆ 48 ಎಂದಿದ್ದದ್ದು 60 ಆಯಿತು.

ಇದಕ್ಕೆ ಆಧಾರ ಕಾಯಿದೆಯ 5ನೇ ಕಲಮು. ಅದನ್ನು ನಿಧಾನವಾಗಿ ಓದಬೇಕು. ಸಾರ್ವಜನಿಕ ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ಯಾವ ಕಾರ್ಖಾನೆಗಾದರೂ ಕಾಯಿದೆಯಿಂದಲೇ ವಿನಾಯಿತಿ ಕೊಡಬಹುದಿತ್ತು, ಒಂದು ಸಲಕ್ಕೆ ಮೂರು ತಿಂಗಳು ಮೀರದಂತೆ. ಯುದ್ಧ, ಹೊರಗಿನವರ ದಾಳಿ, ಒಳಗಿನ ಕ್ಷೋಭೆ ಇವುಗಳಿಂದ ದೇಶದ ಭದ್ರತೆಗೇ ಕುತ್ತು ಬಂದರೆ ಅದು ತುರ್ತು ಪರಿಸ್ಥಿತಿ ಎಂದು ಅಲ್ಲೇ ವಿವರಣೆಯಿತ್ತು. ಅಂಥ ಹೊತ್ತಿನಲ್ಲೂ ಬಿಡಬಾರದೆಂದು ಒಂದೇ ಒಂದು ಕಲಮನ್ನು ಹೊರಗಿಟ್ಟಿದ್ದರು, 67ನೆಯದು: ಹದಿನಾಲ್ಕು ತುಂಬದ ಮಗುವನ್ನು ಕಾರ್ಖಾನೆಯಲ್ಲಿ ದುಡಿಸಬಾರದು. ಕಾಯಿದೆ ಬರೆದವರಿಗೆ ವಿನಾಯಿತಿಯ ಅಪಾಯ ಗೊತ್ತಿತ್ತು. ಬಾಗಿಲು ತೆರೆದಿಟ್ಟರೂ ಹೊಸ್ತಿಲನ್ನು ಎತ್ತರ ಮಾಡಿದ್ದರು.

ಕರ್ನಾಟಕದ ಅಧಿಸೂಚನೆಯನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಇಲ್ಲಿರುವ ತುರ್ತು ಪರಿಸ್ಥಿತಿ ಯಾವುದು ಎಂಬ ಪ್ರಶ್ನೆ ಎದ್ದಿತು, ಜೂನ್ 11ರಂದು ಸರ್ಕಾರ ಅದನ್ನು ವಾಪಸ್ ಪಡೆಯಿತು. ಮೂರು ವಾರಕ್ಕೂ ಕಡಿಮೆ ಬಾಳಿದ ಆದೇಶ. ಗುಜರಾತಿನ ಇಂಥದೇ ಆದೇಶ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಗುಜರಾತ್ ಮಜ್ದೂರ್ ಸಭಾ ಹೂಡಿದ್ದ ಮೊಕದ್ದಮೆಯಲ್ಲಿ 2020ರ ಅಕ್ಟೋಬರ್ 1ರಂದು ತೀರ್ಪು ಬಂತು. ಸಾಂಕ್ರಾಮಿಕದಿಂದ ಬಂದ ಆರ್ಥಿಕ ಕಷ್ಟ ದೇಶದ ಭದ್ರತೆಗೆ ಕುತ್ತು ತರುವ ಆಂತರಿಕ ಕ್ಷೋಭೆಯಾಗುವುದಿಲ್ಲ ಎಂದು ಕೋರ್ಟು ಹೇಳಿತು. ಆದೇಶ ಬಿದ್ದುಹೋಯಿತು, ಹೆಚ್ಚು ಹೊತ್ತು ದುಡಿದವರಿಗೆ ಓಟಿ ಹಣ ಕೊಡಬೇಕಾಯಿತು.

ಕರ್ನಾಟಕದ ಆದೇಶ ಬಾಳಿದ ಆ ಮೂರು ವಾರದಲ್ಲಿ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳು ಗಾರ್ಮೆಂಟ್ಸಿಗೆ ಹೋಗಿ ಬರುತ್ತಿದ್ದಳು. ಆದೇಶ ಬಂದದ್ದನ್ನೂ ಹೋದದ್ದನ್ನೂ ಅವಳಿಗೆ ಹೇಳಿದವನು ನಾನು, ಅದೂ ಪೇಪರಿನಲ್ಲಿ ಓದಿ. ಅವಳು ಕೇಳಿದ ಒಂದೇ ಪ್ರಶ್ನೆ: 'ಇದನ್ನ ಯಾರು ಕೇಳಿದ್ರು ಮಾವ?' ನನಗೆ ಉತ್ತರ ಹೊಳೆಯಲಿಲ್ಲ. ಕೇಳಿದವರು ಯಾರು, ಯಾವ ಕಾರಣ ಕೊಟ್ಟರು, ಯಾವ ಕಾಗದ ಕೊಟ್ಟರು ಎಂಬುದು ಆ ಅಧಿಸೂಚನೆ ನೋಡಿ ತಿಳಿಯುವಂತಿರಲಿಲ್ಲ.

ವಾಪಸ್ ಪಡೆದದ್ದು ಮೂರೇ ವರ್ಷದಲ್ಲಿ ಬೇರೆ ದಾರಿಯಲ್ಲಿ ಬಂತು. 2023ರ ಫೆಬ್ರವರಿಯಲ್ಲಿ ವಿಧಾನಮಂಡಲ ಕಾಯಿದೆಗೇ ತಿದ್ದುಪಡಿ ತಂದಿತು. ವಾರಕ್ಕೆ 48 ಗಂಟೆ ಮೀರದಂತೆ ದಿನಕ್ಕೆ 12 ಗಂಟೆಯವರೆಗೆ ದುಡಿಸಬಹುದು ಎಂದಾಯಿತು. ಮೂರು ತಿಂಗಳಿಗೆ 75 ಗಂಟೆಯಿದ್ದ ಓಟಿ ಮಿತಿ 145ಕ್ಕೆ ಏರಿತು. ಹನ್ನೆರಡು ಗಂಟೆ ದುಡಿಸಲು ಕೆಲಸಗಾರನ ಲಿಖಿತ ಒಪ್ಪಿಗೆ ಬೇಕು ಎಂಬ ಷರತ್ತೂ ಇತ್ತು. ಒಪ್ಪಿಗೆ ಎನ್ನುವ ಮಾತನ್ನು ಅಲ್ಲಿ ನೋಡಿ ನನಗೆ ಮೊದಲು ಸಮಾಧಾನವಾಯಿತು. ಆಮೇಲೆ ನನ್ನ ಮೇಜು ನೆನಪಾಯಿತು. ಹೊಸಬ ಕೆಲಸಕ್ಕೆ ಸೇರುವ ದಿನ ನಾನೇ ಏಳೆಂಟು ಕಾಗದ ಮುಂದಿಟ್ಟು, ಎಲ್ಲಿ ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಡುತ್ತಿದ್ದೆ. ಹುಡುಗ ಗುರುತಿದ್ದ ಕಡೆಯೆಲ್ಲ ಸಹಿ ಹಾಕಿ, ಪೆನ್ನು ವಾಪಸ್ ಕೊಟ್ಟು, ಕೈ ಮುಗಿದು ಹೋಗುತ್ತಿದ್ದ. ಕೆಲಸ ಬೇಕಾದವನು ಆ ಹೊತ್ತಿನಲ್ಲಿ ಯಾವ ಕಾಗದ ಓದುತ್ತಾನೆ?

ಈಗ ಆ ಕಾಯಿದೆಯ ಬದಲು 2025ರ ನವೆಂಬರ್ 21ರಿಂದ ಹೊಸ ಸಂಹಿತೆ ಜಾರಿಯಾಗಿದೆ, ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ 2020ರ ಸಂಹಿತೆ. ಅದರಲ್ಲಿ ಹೊಸ್ತಿಲು ತಗ್ಗಿದೆ. ತುರ್ತು ಪರಿಸ್ಥಿತಿಯ ಜೊತೆಗೆ ವಿಪತ್ತು, ಸಾಂಕ್ರಾಮಿಕವೂ ಸೇರಿವೆ, ಮೂರು ತಿಂಗಳ ಬದಲು ಒಂದು ವರ್ಷದವರೆಗೆ ವಿನಾಯಿತಿ ಕೊಡಬಹುದು. 127ನೇ ಕಲಮಿನಲ್ಲಿ ಇನ್ನೊಂದು ದಾರಿಯಿದೆ. ಆರ್ಥಿಕ ಚಟುವಟಿಕೆ ಮತ್ತು ಉದ್ಯೋಗ ಹೆಚ್ಚಿಸಲು ಅಗತ್ಯವೆಂದು ರಾಜ್ಯ ಸರ್ಕಾರಕ್ಕೆ ಮನವರಿಕೆಯಾದರೆ ಹೊಸ ಕಾರ್ಖಾನೆಗಳಿಗೆ ವಿನಾಯಿತಿ. ಹೊಸ ಕಾರ್ಖಾನೆ ಎಂದರೆ ಕೆಲಸಗಾರನೂ ಹೊಸಬ, ಯಂತ್ರದ ಸದ್ದಿನಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ಕಿವಿಗೆ ಇನ್ನೂ ರೂಢಿಯಾಗಿಲ್ಲದವನು. ನಿಯಮ ಹೆಚ್ಚು ಬೇಕಾಗಿರುವುದೇ ಅವನಿಗೆ.

ನರಸೀಪುರದ ಕಡೆ ಬಂದರೆ ಕಥೆ ಬೇರೆ. ಇಲ್ಲಿ ಅಕ್ಕಿ ಮಿಲ್ಲು, ಆಲೆಮನೆ, ಸಣ್ಣ ವರ್ಕ್‌ಶಾಪುಗಳೇ ಹೆಚ್ಚು. ವಿನಾಯಿತಿಗೆ ಅರ್ಜಿ ಹಾಕುವ ಪ್ರಸಂಗವೇ ಬಾರದವರು. ಕರೆಂಟು ಬಳಸಿ ಹತ್ತು ಜನ ದುಡಿದರೆ ಹಳೆಯ ಕಾಯಿದೆಯಲ್ಲಿ ಅದು ಕಾರ್ಖಾನೆ. ಹೊಸ ಸಂಹಿತೆಯಲ್ಲಿ ಇಪ್ಪತ್ತು ಜನ ಬೇಕು. ಹದಿನಾಲ್ಕು ಜನರಿರುವ ಅಕ್ಕಿ ಮಿಲ್ಲು ನಿನ್ನೆ ಕಾರ್ಖಾನೆ, ಇವತ್ತು ಅಲ್ಲ. ಬೆಲ್ಟು ತಿರುಗುವ ವೇಗ ಅಷ್ಟೇ ಇದೆ. ನನ್ನ ಸೋದರಮಾವ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಿದ್ದವರು. ಬಲಗೈಯಲ್ಲಿ ಎರಡೂವರೆ ಬೆರಳು ಉಳಿದಿದ್ದವು. ಉಣ್ಣುವಾಗ ಮುದ್ದೆ ಮುರಿಯಲು ಎಡಗೈ ತರಲು ಸಂಕೋಚಪಟ್ಟು ಅತ್ತೆಯ ಕಡೆ ನೋಡುತ್ತಿದ್ದರು, ಅತ್ತೆ ಮುರಿದು ಇಡುತ್ತಿದ್ದರು. ಗಾಣದ ಬಾಯಿಗೆ ಒಂದು ತಗಡಿನ ದೋಣಿ ಕೂರಿಸಿದ್ದರೆ ಕೈ ರೋಲರಿನವರೆಗೆ ಹೋಗುತ್ತಿರಲಿಲ್ಲ.

ಮಾಲೀಕರೇ, ಎಲ್ಲ ವಿನಾಯಿತಿಯೂ ತಪ್ಪು ಎಂದು ನಾನು ಹೇಳುವುದಿಲ್ಲ. ಕಡಿದ ಕಬ್ಬು ಕಾಯುವುದಿಲ್ಲ. ಅರೆಯುವ ಹಂಗಾಮಿನ ನಡುವೆ ಬಾಯ್ಲರಿನ ಸರ್ಟಿಫಿಕೇಟಿನ ಅವಧಿ ಮುಗಿದರೆ ಸಕ್ಕರೆ ಕಾರ್ಖಾನೆಯ ಜೊತೆ ರೈತನಿಗೂ ಕಷ್ಟ. ನಮ್ಮೂರಲ್ಲಿ ಸರ್ಕಾರದ ರೇಷ್ಮೆ ನೂಲು ಬಿಚ್ಚುವ ಕಾರ್ಖಾನೆ ಇದೆ. ಬಿಸಿನೀರಿನಲ್ಲಿ ಗೂಡಿನ ಎಳೆಯ ತುದಿ ಹುಡುಕುವ ಹೆಣ್ಣುಮಕ್ಕಳಿಗೆ ದಪ್ಪ ಕೈಗವಸು ಹಾಕಿಕೊಳ್ಳಿ ಎಂದರೆ ಎಳೆ ಬೆರಳಿಗೆ ಸಿಗುವುದೇ ಇಲ್ಲ. ಅಂಥ ಕಡೆ ನಿಯಮದ ಅಕ್ಷರ ಹಿಡಿದು ಕೂರಲಾಗದು. ನೀರಿನ ಬಿಸಿ ಎಷ್ಟಿರಬೇಕು, ಎಷ್ಟು ಹೊತ್ತಿಗೊಮ್ಮೆ ಕೈ ಬಿಡುವು ಕೊಡಬೇಕು ಎಂದು ಆ ಕೈಗಳನ್ನೇ ಕೇಳಿ ಬೇರೆ ದಾರಿ ಹುಡುಕಬೇಕು.

ಅಮೆರಿಕದಲ್ಲಿ 1970ರ ಕಾನೂನು ಹೀಗೇ ಕೇಳುತ್ತದೆ. ಅಲ್ಲಿ ಮಾಲೀಕ ಒಂದು ಸುರಕ್ಷತಾ ನಿಯಮದಿಂದ ಶಾಶ್ವತ ವಿನಾಯಿತಿ ಬೇಕೆಂದರೆ, ತನ್ನ ಬದಲಿ ಏರ್ಪಾಡು ಆ ನಿಯಮದಷ್ಟೇ ಸುರಕ್ಷಿತ ಎಂದು ತೋರಿಸಿಕೊಡಬೇಕು. ಅರ್ಜಿ ಹಾಕಿರುವ ಸಂಗತಿಯನ್ನು ಕೆಲಸಗಾರರಿಗೆ ತಿಳಿಸಬೇಕು, ಅದರ ಸಾರಾಂಶವನ್ನು ನೋಟಿಸುಗಳನ್ನು ಹಾಕುವ ಜಾಗದಲ್ಲಿ ಅಂಟಿಸಬೇಕು. ಒಪ್ಪದ ಕೆಲಸಗಾರ ವಿಚಾರಣೆ ಬೇಕೆಂದು ಕೇಳಬಹುದು. ಅರ್ಜಿ ಸರ್ಕಾರದ ಗೆಜೆಟ್ಟಿನಲ್ಲೂ ಅಚ್ಚಾಗುತ್ತದೆ. ಎತ್ತರದ ಚಿಮಣಿ ಕಟ್ಟುವವರು, ಮೆಟ್ಟಿಲು ಏಣಿಗಳ ಬದಲು ಹಗ್ಗದ ದಾರಿಯಲ್ಲಿ ಏರಿಳಿಯುವ ತೊಟ್ಟಿಲಿನಲ್ಲಿ ಕೆಲಸಗಾರರನ್ನು ಮೇಲೆ ಕಳಿಸಲು ಹೀಗೆ ಅನುಮತಿ ಪಡೆದಿದ್ದಾರೆ. ನೀರಿನಡಿ ಸುರಂಗ ತೋಡುವವರು, ಒತ್ತಡದ ಗಾಳಿಯಿಂದ ಹೊರಬರುವಾಗ ಹಳೆಯ ನಿಯಮದ ಪಟ್ಟಿಗಿಂತ ಹೊಸ, ಆಮ್ಲಜನಕ ಬಳಸುವ ಪದ್ಧತಿ ಒಳ್ಳೆಯದೆಂದು ತೋರಿಸಿ ಅನುಮತಿ ಪಡೆದಿದ್ದಾರೆ. ನಿಯಮಕ್ಕಿಂತ ಮೇಲಾದ ದಾರಿ ಕಂಡವರೂ ವಿನಾಯಿತಿ ಕೇಳಬಹುದು ಎಂದು ಇದನ್ನು ಓದುವವರೆಗೆ ನನಗೆ ತಿಳಿದಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅಂಥ ಒಂದು ಪತ್ರವನ್ನೂ ನಾನು ಬರೆದಿರಲಿಲ್ಲ.

ಕಾಗದವೇ ಇಲ್ಲದ ವಿನಾಯಿತಿಯ ಬಗ್ಗೆ ಇನ್ನೊಂದು ಮಾತು. ಪ್ರೆಸ್ ಯಂತ್ರದ ಗಾರ್ಡಿಗೆ ಒಂದು ಚಿಕ್ಕ ಲಿಮಿಟ್ ಸ್ವಿಚ್ ಇರುತ್ತದೆ. ಗಾರ್ಡ್ ತೆರೆದರೆ ಯಂತ್ರ ನಿಲ್ಲಬೇಕು. ನಮ್ಮಲ್ಲಿ ಒಂದು ಪ್ರೆಸ್ಸಿನ ಸ್ವಿಚ್ಚನ್ನು ತಾಮ್ರದ ತಂತಿಯಿಂದ ಒತ್ತಿ ಕಟ್ಟಿದ್ದರು, ಗಾರ್ಡ್ ತೆರೆದೇ ಓಡಲಿ ಎಂದು. ಒಂದು ಆಯುಧಪೂಜೆಯ ದಿನ ಕುಂಕುಮ ಇಡಲು ಬಗ್ಗಿದಾಗ ಅದು ನನ್ನ ಕಣ್ಣಿಗೆ ಬಿತ್ತು. ತಂತಿಯ ಮೇಲೆ ಹಸಿರು ಬಣ್ಣವಿತ್ತು. ಪ್ರತಿ ವರ್ಷ ಪೂಜೆಗೆ ಮುಂಚೆ ಯಂತ್ರಗಳಿಗೆ ಬಣ್ಣ ಹೊಡೆಸುವುದು ನಮ್ಮಲ್ಲಿ ಪದ್ಧತಿ. ಉಗುರಿನಿಂದ ಕೆರೆದೆ. ಹಸಿರಿನ ಕೆಳಗೆ ಹಳೆಯ ಹಸಿರು, ಅದರ ಕೆಳಗೆ ಬೂದು ಬಣ್ಣ. ಎಷ್ಟು ವರ್ಷದಿಂದ ಕಟ್ಟಿತ್ತೋ. ಆ ಪ್ರೆಸ್ಸಿಗೆ ಚೆಂಡು ಹೂವಿನ ಹಾರ ಹಾಕಿ, ಬೂದುಗುಂಬಳ ಒಡೆದು, ನಾವೆಲ್ಲ ಕೈ ಮುಗಿದೆವು. ಅದರ ಮುಂದೆ ನಿಂತು ದುಡಿಯುವ ಹುಡುಗನೂ ಕೈ ಮುಗಿದ. ಭೋಪಾಲದಲ್ಲಿ ವಿಷಾನಿಲ ಸೋರಿದ 1984ರ ಡಿಸೆಂಬರಿನ ಆ ರಾತ್ರಿ ಟ್ಯಾಂಕನ್ನು ತಂಪಾಗಿಡುವ ಯಂತ್ರ ಬಂದ್ ಆಗಿತ್ತು, ಅನಿಲವನ್ನು ಸುಟ್ಟು ಹಾಕುವ ಗೋಪುರಕ್ಕೆ ಕೊಳವೆಯ ಸಂಪರ್ಕ ತಪ್ಪಿತ್ತು. ಅವೂ ಒಂದೊಂದು ದಿನ ಒಂದೊಂದು ಕಾರಣಕ್ಕೆ ಕೊಟ್ಟುಕೊಂಡ ವಿನಾಯಿತಿಗಳೇ.

ಹಾಗಾಗಿ ನಿಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ಮುಂದಿನ ಸಲ ಬೆಂಗಳೂರಿಗೆ ವಿನಾಯಿತಿಯ ಅರ್ಜಿ ಕಳಿಸುವಾಗ ಅದರ ಒಂದು ಪ್ರತಿಯನ್ನು ನಿಮ್ಮ ಗೇಟಿನ ಒಳಗಿನ ಬೋರ್ಡಿಗೂ ಅಂಟಿಸಿ. ಯಾವ ನಿಯಮ ಬಿಡಬೇಕೆಂದಿದ್ದೀರಿ, ಎಷ್ಟು ದಿನ, ಅಷ್ಟು ದಿನ ಅದರ ಬದಲಿಗೆ ಏನು ಮಾಡುತ್ತೀರಿ ಎಂದು ಬರೆಯಿರಿ. ಕಂಟ್ರಾಕ್ಟ್ ಹುಡುಗರೂ ಓದುವಂತಿರಲಿ. ಹದಿನೈದು ದಿನ ಇರಲಿ. ಅವರು ಹೇಳುವುದನ್ನು ಅವರ ಮಾತಿನಲ್ಲೇ ಬರೆಸಿ ಅರ್ಜಿಯ ಜೊತೆ ಲಗತ್ತಿಸಿ. ಹೊಸ ಕಾನೂನು ಇದನ್ನು ನಿಮ್ಮಿಂದ ಕೇಳುವುದಿಲ್ಲ, ನೀವಾಗಿಯೇ ಮಾಡುವುದನ್ನು ಅದು ತಡೆಯುವುದೂ ಇಲ್ಲ.

ಕನ್ನಡದಲ್ಲಿ ಬರೆದುಕೊಡಲು ಆಫೀಸಿನಲ್ಲಿ ಯಾರೂ ಇಲ್ಲ ಅನ್ನುವುದಾದರೆ ನನಗೆ ಹೇಳಿ ಕಳಿಸಿ. ಒಡಿಶಾ, ಬಿಹಾರದ ಹುಡುಗರಿಗೆ ಹಿಂದಿಯಲ್ಲಿ ಬರೆಯಲು ನಮ್ಮ ಬೀದಿಯ ಮೇಷ್ಟ್ರು ಒಪ್ಪಿದ್ದಾರೆ. ದುಡ್ಡು ಬೇಡ. ನನಗಿನ್ನೂ ಕಣ್ಣು ಚೆನ್ನಾಗಿದೆ, ಬೆಳಗಿನ ಮೊದಲ ಬಸ್ಸಿಗೆ ಹತ್ತಿದರೆ ನಿಮ್ಮ ಮೊದಲ ಶಿಫ್ಟು ಒಳಗೆ ಹೋಗುವ ಮುಂಚೆ ಗೇಟಿನ ಹತ್ತಿರ ಇರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಗುಮಾಸ್ತ
ಟಿ. ನರಸೀಪುರ